24 ಅಡಿ ಏಣಿಯ 17 ಅಡಿ

ಅಂಗಡಿಯಲ್ಲಿ 24 ಅಡಿ ಎಂದು ಮಾರುವ ಅಲ್ಯೂಮಿನಿಯಂ ಎಕ್ಸ್‌ಟೆನ್ಷನ್ ಏಣಿ ಬಳಕೆಗೆ ಎಂದೂ 24 ಅಡಿ ಸಿಗುವುದಿಲ್ಲ. 12 ಅಡಿಯ ಎರಡು ತುಂಡುಗಳನ್ನು ಕೂಡಿಸಿ ಹೇಳುವ ಅಳತೆ ಅದು. ಎಳೆದು ನಿಲ್ಲಿಸಿದಾಗ ಒಂದರ ಮೇಲೊಂದು ಕನಿಷ್ಠ 3 ಅಡಿ ಕೂಡಿಕೊಂಡಿರಬೇಕು, ಉಳಿಯಿತು 21. ಗೋಡೆಗೆ ಒರಗಿಸಿದರೆ ನೆಟ್ಟಗಿನ ಎತ್ತರ 20ರ ಆಸುಪಾಸು. ಸೂರಿನ ಮೇಲೆ ಕಾಲಿಡುವುದಾದರೆ ಕೈಗೆ ಹಿಡಿತ ಬೇಕು, ಅದಕ್ಕಾಗಿ ಏಣಿಯ ತುದಿ ಅಂಚಿಗಿಂತ 3 ಅಡಿ ಮೇಲೆ ನಿಲ್ಲಬೇಕು. ಕಳೆದು ಕೂಡಿದ ಮೇಲೆ ನೀವು ಮುಟ್ಟಬಹುದಾದದ್ದು 17 ಅಡಿಯ ಅಂಚು.

ಎರಡಂತಸ್ತಿನ ಮನೆಗೆ ಸಾಕು ಎಂದು ಕೊಂಡವನಿಗೆ ಈ ಏಳಡಿ ಕೊರತೆ ಗೊತ್ತಾಗುವುದು ಕೆಲಸದ ದಿನ, ಬಣ್ಣದ ಡಬ್ಬಿ ಕೈಯಲ್ಲಿರುವಾಗ. ಆಗ ಕೊರತೆಯನ್ನು ಎಲ್ಲಿಂದಲಾದರೂ ತುಂಬಿಸಬೇಕಲ್ಲ. ಮೂರಡಿ ಕೂಡಿಕೆ ಒಂದಡಿಗೆ ಇಳಿಯುತ್ತದೆ. ಏಣಿಯ ಕಾಲಿನಡಿ ಸಿಮೆಂಟ್ ಇಟ್ಟಿಗೆ ಬರುತ್ತದೆ. ಅದೂ ಸಾಲದಿದ್ದರೆ ತುತ್ತತುದಿಯ ಮೆಟ್ಟಿಲ ಮೇಲೆ ತುದಿಗಾಲು, ಹಿಡಿಯಲು ಗೋಡೆ ಮಾತ್ರ. ಬಿದ್ದ ಮೇಲೆ ‘ಕಾಲು ಜಾರಿತು’ ಎನ್ನುತ್ತೇವೆ. ಜಾರಿದ್ದು ಅಂಗಡಿಯಲ್ಲಿ ಹಾಕಿದ ಲೆಕ್ಕ.

ನಮ್ಮಲ್ಲಿ ಏಣಿ ಹತ್ತುವ ಪದ್ಧತಿ ಎರಡೇ ನಂಬಿಕೆಗಳ ಮೇಲೆ ನಿಂತಿದೆ: ಹತ್ತುವವನಿಗೆ ಧೈರ್ಯ ಇರಬೇಕು, ಕೆಳಗೊಬ್ಬ ಹಿಡಿದುಕೊಂಡಿರಬೇಕು. ಎರಡನ್ನೂ ನಾನು ಒಪ್ಪುವುದಿಲ್ಲ. ಧೈರ್ಯದ ವಿಷಯ ಬಿಡಿ, ಬೀಳುವವರೆಲ್ಲ ಧೈರ್ಯಸ್ಥರೇ. ಹಿಡಿದುಕೊಳ್ಳುವವನ ಸಂಗತಿಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು.

ಒರಗಿಸಿದ ಏಣಿಯ ಬುಡವನ್ನು ಹೊರಕ್ಕೆ ತಳ್ಳುವ ಬಲ ಹತ್ತುವವನ ಜೊತೆಗೇ ಬೆಳೆಯುತ್ತದೆ. ಮೊದಲ ಮೆಟ್ಟಿಲಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಡುವಿಗೆ ಬಂದಾಗ ಇರುವುದು ತುದಿಯಲ್ಲಿ ಇಮ್ಮಡಿ. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಟ್ಟರೆ ಕೋನ 75 ಡಿಗ್ರಿ ಬರುತ್ತದೆ. ನುಣುಪು ಗೋಡೆ ಎಂದುಕೊಂಡು, ಏಣಿಯ ಭಾರ ಬಿಟ್ಟು ಲೆಕ್ಕ ಹಾಕಿದರೆ, ತುದಿ ಮುಟ್ಟಿದವನ ತೂಕದ ಸುಮಾರು ಕಾಲು ಭಾಗದಷ್ಟು ಬಲ ಆಗ ಬುಡದಲ್ಲಿ ಅಡ್ಡಕ್ಕೆ ತಳ್ಳುತ್ತಿರುತ್ತದೆ. ಇನ್ನಷ್ಟು ಓರೆ ಮಾಡಿ 60 ಡಿಗ್ರಿಗೆ ತಂದಿರೋ, ಅದು ಅರ್ಧಕ್ಕಿಂತ ಹೆಚ್ಚು. 70 ಕಿಲೋ ಮನುಷ್ಯನಿಗೆ ಸುಮಾರು 40 ಕಿಲೋ. ಒದ್ದೆ ಟೈಲ್ಸ್ ಮೇಲೆ, ಮಳೆಗಾಲದ ಪಾಚಿ ಹಿಡಿದ ಅಂಗಳದಲ್ಲಿ ರಬ್ಬರ್ ಪಾದವೂ ಅದನ್ನು ತಡೆಯುವ ಭರವಸೆಯಿಲ್ಲ. ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಕೆಳಗಿನ ಮೆಟ್ಟಿಲ ಮೇಲೆ ಚಪ್ಪಲಿಕಾಲು ಊರಿ ನಿಂತ ಹುಡುಗ ತಡೆಯುತ್ತಾನೆಯೇ? ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಮಾರ್ಗದರ್ಶಿ ಇದನ್ನು ಬೇರಾವ ದಾರಿಯೂ ಇಲ್ಲದಾಗಿನ ಕೊನೆಯ ಉಪಾಯವೆಂದೇ ಇಟ್ಟಿದೆ. ನಾವು ಅದನ್ನೇ ಮೊದಲ ಉಪಾಯ ಮಾಡಿಕೊಂಡಿದ್ದೇವೆ. ತುದಿಯನ್ನು ಹಗ್ಗದಿಂದ ಗಟ್ಟಿ ವಸ್ತುವೊಂದಕ್ಕೆ ಕಟ್ಟುವುದು ಅದಕ್ಕಿಂತ ಎಷ್ಟೋ ಮೇಲು. ತಮಾಷೆಯೆಂದರೆ ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಒಂಟಿ ಬಿದಿರಿನ ಏಣಿಯಲ್ಲಿ ಮೆಣಸು ಕೊಯ್ಯುವವರು ತುದಿಯನ್ನು ಮರಕ್ಕೆ ಕಟ್ಟಿಕೊಂಡೇ ಕೊಯ್ಯುವುದುಂಟು. ಕಾರ್ಖಾನೆಯ ಏಣಿ ಬಂದ ಮೇಲೆ ಹಗ್ಗ ಬಿಟ್ಟುಹೋಯಿತು. ಕಬ್ಬಿಣದ ಕೊಕ್ಕೆ, ರಾಟೆ, ಲಾಕ್ ಎಲ್ಲ ಇದೆಯಲ್ಲ, ಇನ್ನೇನು ಎಂಬ ನೆಮ್ಮದಿ. ಆ ಲಾಕ್‌ಗಳು ಹಿಡಿಯುವುದು ಮೇಲಿನ ತುಂಡನ್ನು ಕೆಳಗಿನದಕ್ಕೆ. ಏಣಿಯನ್ನು ನೆಲಕ್ಕಾಗಲಿ ಗೋಡೆಗಾಗಲಿ ಅವು ಹಿಡಿಯುವುದಿಲ್ಲ. ಎರಡರಲ್ಲಿ ಒಂದು ಲಾಕ್ ಮೆಟ್ಟಿಲ ಮೇಲೆ ಪೂರ್ತಿ ಕೂರದಿದ್ದರೂ ಕೆಳಗಿನಿಂದ ನೋಡುವವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅದು ಬೇರೆ ಮಾತು.

ಹಾಗೆಂದು ಹೊರಗಿನಿಂದ ಬಂದ ನಿಯಮಗಳನ್ನು ಕಣ್ಣುಮುಚ್ಚಿ ಹೊಗಳಲಾರೆ. ನಾಲ್ಕಕ್ಕೆ ಒಂದು ಎಂಬ ಸೂತ್ರ ನಮ್ಮ ಭಾರತೀಯ ಮಾನಕದಲ್ಲೂ ಇದೆ, ಅಮೆರಿಕದ ಕಾನೂನಿನಲ್ಲೂ ಇದೆ. ಭೌತಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕಲಾಗದು. ಆದರೆ ಅದು ಮನೆಯ ಸುತ್ತ ಹುಲ್ಲುಹಾಸು ಇದೆ ಎಂದು ಭಾವಿಸಿಕೊಂಡಿದೆ. ಬೆಂಗಳೂರಿನ 30-40 ಸೈಟಿನ ಮನೆಯ ಪಕ್ಕಕ್ಕೆ ಬನ್ನಿ. ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಸಿಕ್ಕರೆ ಪುಣ್ಯ. ಅದರಲ್ಲೂ ಸಂಪಿನ ಮುಚ್ಚಳ, ಡ್ರೈನೇಜ್ ಚೇಂಬರ್, ತುಳಸಿಕಟ್ಟೆ. 20 ಅಡಿ ಎತ್ತರಕ್ಕೆ ಐದಡಿ ಬೇಕು, ಇಲ್ಲ. ಆಗ ಏಣಿ ಗೋಡೆಗೆ ಅಂಟಿದಂತೆ ನೆಟ್ಟಗೆ ನಿಲ್ಲುತ್ತದೆ. ಬುಡ ಜಾರದು ನಿಜ, ಆದರೆ ಮೇಲಿರುವವನು ಬೆನ್ನು ಒಂದಿಷ್ಟು ಹಿಂದಕ್ಕೆ ಮಾಡಿದರೆ ಏಣಿಯೂ ಅವನ ಜೊತೆ ಬರುತ್ತದೆ. ಇಂಥ ಜಾಗದ ಬಗ್ಗೆ ಸೂತ್ರ ಏನೂ ಹೇಳುವುದಿಲ್ಲ. ಹೇಳಬೇಕಾದದ್ದು ಒಂದೇ: ಇಲ್ಲಿ ಏಣಿ ಬೇಡ, ಸಾರುವೆ ಕಟ್ಟಿ. ಒಂದು ಗೋಡೆಯ ಬಣ್ಣಕ್ಕೆ ಸಾರುವೆಯ ಖರ್ಚು ಹಾಕಲು ಮನೆಯ ಯಜಮಾನ ತಯಾರಿಲ್ಲ, ಗುತ್ತಿಗೆದಾರ ಕೇಳುವುದೂ ಇಲ್ಲ.

ಎತ್ತರಕ್ಕಿಂತ ಭಯಂಕರವಾದ ಇನ್ನೊಂದು ಅಪಾಯ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದೇ ತೋಟದ ನಡುವೆ ಹಾದುಹೋಗುವ 11 ಸಾವಿರ ವೋಲ್ಟ್‌ನ ತಂತಿ. ಅಲ್ಯೂಮಿನಿಯಂ ಏಣಿ ಹಗುರ, ಹುಳ ಹಿಡಿಯುವುದಿಲ್ಲ, ಹತ್ತಲು ಸಲೀಸು. ಒಂಟಿ ಬಿದಿರಿನ ಏಣಿಯಲ್ಲಿ ಪಾದ ನೋಯಿಸಿಕೊಂಡವರು ಅದನ್ನು ಯಾಕೆ ಮೆಚ್ಚಿದರು ಎಂದು ಯಾರೂ ಕೇಳಬೇಕಾಗಿಲ್ಲ. ಆದರೆ ಕೊಯ್ಲಿನಲ್ಲಿ ಸಾವು ಬರುವುದು ಹತ್ತುವಾಗಲೇ ಆಗಬೇಕಿಲ್ಲ. ಒಂದು ಮರ ಮುಗಿಸಿ ಮುಂದಿನ ಮರಕ್ಕೆ ಹೋಗುವಾಗ, ಎಳೆದದ್ದನ್ನು ಮಡಚದೆ ನೆಟ್ಟಗೆ ಎತ್ತಿಕೊಂಡು ನಡೆಯುವಾಗ, ಕಣ್ಣು ನೆಲದ ಮೇಲಿರುತ್ತದೆ, ತುದಿ ತಂತಿಯ ಪಕ್ಕದಲ್ಲಿರುತ್ತದೆ. ಎಲೆ ದಟ್ಟವಾಗಿರುವಲ್ಲಿ ತಂತಿ ಕಾಣುವುದೂ ಇಲ್ಲ. ಏಣಿ ಹಿಡಿದ ಇಬ್ಬರಿಗೂ ಒಟ್ಟಿಗೇ ಶಾಕ್ ತಗಲುತ್ತದೆ, ಬಿಡಿಸಲು ಓಡಿಬಂದವರಿಗೂ. ಅಮೆರಿಕದ ನಿಯಮ ಇಂಥ ತಂತಿಯಿಂದ 10 ಅಡಿ ದೂರ ಇರಿ ಎನ್ನುತ್ತದೆ. ಬಳ್ಳಿಯೇ ಆ ಹತ್ತಡಿಯೊಳಗೆ ಬೆಳೆದಿದ್ದರೆ? ಕೊಯ್ಯುವ ಹೊತ್ತಿಗೆ ಲೈನ್ ಆಫ್ ಮಾಡಿಸಬೇಕು, ಇಲ್ಲವೇ ತಂತಿಯಡಿಯ ಮರವನ್ನು ಮೊದಲೇ ಸವರಿರಬೇಕು. ಎರಡೂ ಮಾಲೀಕನ ಕೈಯಲ್ಲಿವೆ, ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವನ ಕೈಯಲ್ಲಿಲ್ಲ.

ಇದಕ್ಕೆ ಫೈಬರ್‌ಗ್ಲಾಸ್ ಏಣಿ ಉತ್ತರ ಎಂದು ಹೇಳುವವರಿದ್ದಾರೆ. ಅರ್ಧ ಉತ್ತರ. ಒಣಗಿದ, ಶುಚಿಯಾದ ಫೈಬರ್‌ಗ್ಲಾಸ್ ವಿದ್ಯುತ್ ಹರಿಸುವುದಿಲ್ಲ. ಮಂಜು ಬಿದ್ದು ಮಣ್ಣು ಮೆತ್ತಿಕೊಂಡದ್ದರ ಮಾತು ಬೇರೆ. ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಇಳಿಜಾರಿನ ತೋಟದಲ್ಲಿ ದಿನವಿಡೀ ಹೊತ್ತು ತಿರುಗುವವನು ಹಗುರವಾದದ್ದನ್ನೇ ಕೇಳುತ್ತಾನೆ, ಅವನನ್ನು ದೂರುವುದು ಸುಲಭ.

ಕಾನೂನು ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರ ಕಾಯ್ದೆ, ಅದರಡಿ 1998ರಲ್ಲಿ ಬಂದ ನಿಯಮಗಳು ಏಣಿಯ ಬಗ್ಗೆಯೂ ಮಾತಾಡಿದವು. ಆದರೆ ಆ ಕಾಯ್ದೆ ಬರೆದದ್ದು ಹತ್ತು ಮತ್ತು ಹೆಚ್ಚು ಕಾರ್ಮಿಕರಿರುವ ಕೆಲಸಗಳಿಗೆ. ಹತ್ತು ಲಕ್ಷದೊಳಗೆ ಸ್ವಂತ ಮನೆಯ ಕೆಲಸ ಮಾಡಿಸುವವನನ್ನು ಅದು ಹೊರಗಿಟ್ಟಿತು. ಹಬ್ಬಕ್ಕೆ ಮುನ್ನ ಇಬ್ಬರನ್ನು ಕರೆದು ಬಣ್ಣ ಹೊಡೆಸುವ ಮನೆ, ಫ್ಲೆಕ್ಸ್ ಕಟ್ಟುವ ಹುಡುಗರು, ಹೆಂಚು ತಿರುವುವ ಒಂಟಿ ಆಳು, ಯಾರೂ ಆ ಬಲೆಯೊಳಗೆ ಬರಲಿಲ್ಲ. ಅವರಿಗೆ ಉಳಿದ ಒಂದೇ ಕಾನೂನೆಂದರೆ ಏಣಿಯ ಪಕ್ಕಕ್ಕೆ ಅಂಟಿಸಿದ ಚೀಟಿ. ನಾನು ನೋಡಿದ ಮಟ್ಟಿಗೆ ಅದು ಇಂಗ್ಲಿಷಿನಲ್ಲಿರುತ್ತದೆ, ಕಣ್ಣಿಟ್ಟು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಹೆಚ್ಚಿನ ಏಣಿಗಳಲ್ಲಿ ಬಣ್ಣ ಮೆತ್ತಿಕೊಂಡು. ಎಷ್ಟು ಅಡಿ ಕೂಡಿಕೆ ಬಿಡಬೇಕು, ಎಷ್ಟು ಕಿಲೋ ತಾಳುತ್ತದೆ, ಯಾವ ಮೆಟ್ಟಿಲಿಂದ ಮೇಲೆ ಕಾಲಿಡಬಾರದು ಎಂಬುದೆಲ್ಲ ಅದರಲ್ಲಿ ಇರುತ್ತದೆ. 24ರ ಪಕ್ಕದಲ್ಲಿ 17 ಎಂಬ ಅಂಕಿಯನ್ನು ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಅಚ್ಚು ಹಾಕಿಸಲು ತಯಾರಕನಿಗೆ ಹೆಚ್ಚೇನೂ ಖರ್ಚಾಗದು. ಹಾಕಿಸಿದರೆ ಗಿರಾಕಿ 24ರದನ್ನು ಅಲ್ಲೇ ಬಿಟ್ಟು 32 ಅಡಿಯದನ್ನು ಕೇಳಬಹುದು, ಅಥವಾ ಏಣಿಯ ಯೋಚನೆಯನ್ನೇ ಬಿಟ್ಟು ಸಾರುವೆಯವನಿಗೆ ಫೋನ್ ಮಾಡಬಹುದು.