ಪೀಠಿಕೆಗೂ ಮೊದಲಿನ ಪಾಠ

ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಅಮೆರಿಕಕ್ಕೆ ಹೋದ ವಿದ್ಯಾರ್ಥಿಗೂ ಮೊದಲ ಸೆಮಿಸ್ಟರಿನ ಸಂಶೋಧನಾ ಪ್ರಬಂಧ ಕಬ್ಬಿಣದ ಕಡಲೆಯಾಗುವುದುಂಟು. ವ್ಯಾಕರಣ ಸರಿಯಿರುತ್ತದೆ, ಪದಸಂಪತ್ತು ಸಾಕಷ್ಟಿರುತ್ತದೆ. ಆದರೂ ‘ಇದರಲ್ಲಿ ನಿಮ್ಮ ವಾದ ಯಾವುದು?’ ಎಂದು ಪ್ರಾಧ್ಯಾಪಕರು ಕೇಳುತ್ತಾರೆ. ಇಂಥವರಿಗಾಗಿಯೇ ಜಾನ್ ಸ್ವೇಲ್ಸ್ ಮತ್ತು ಕ್ರಿಸ್ಟೀನ್ ಫೀಕ್ ಬರೆದ ‘ಅಕಾಡೆಮಿಕ್ ರೈಟಿಂಗ್ ಫಾರ್ ಗ್ರ್ಯಾಜುಯೇಟ್ ಸ್ಟೂಡೆಂಟ್ಸ್’ 1994ರಲ್ಲಿ ಪ್ರಕಟವಾಯಿತು. 2012ರಲ್ಲಿ ಮೂರನೆಯ ಆವೃತ್ತಿ ಬಂತು.

ಇಬ್ಬರೂ ಮಿಶಿಗನ್ ವಿಶ್ವವಿದ್ಯಾಲಯದ ಇಂಗ್ಲಿಷ್ ಭಾಷಾ ಸಂಸ್ಥೆಯಲ್ಲಿ ಪಾಠ ಹೇಳಿದವರು. ಅದಕ್ಕೂ ಮೊದಲು ಸ್ವೇಲ್ಸ್ ಲಿಬಿಯಾ, ಸುಡಾನ್‌ಗಳಲ್ಲಿ ಕಲಿಸಿದ್ದರು. ಒಳ್ಳೆಯ ಬರಹ ಹೇಗಿರಬೇಕು ಎಂದು ಉಪದೇಶಿಸುವ ಬದಲು, ವಿದ್ವಾಂಸರು ನಿಜಕ್ಕೂ ಹೇಗೆ ಬರೆಯುತ್ತಾರೆ ಎಂದು ನೋಡಿದ್ದು ಅವರ ಹೆಚ್ಚುಗಾರಿಕೆ. ಬೇರೆ ಬೇರೆ ಶಾಸ್ತ್ರಗಳ 48 ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿ 1981ರಲ್ಲಿ ಅವರೊಂದು ಮಾದರಿ ಕಟ್ಟಿದರು, 1990ರಲ್ಲಿ ಅದನ್ನು ಮೂರು ಹೆಜ್ಜೆಗಳಿಗೆ ಇಳಿಸಿದರು. ಮೊದಲು ವಿಷಯದ ಮಹತ್ವ ಹೇಳಬೇಕು. ಆಮೇಲೆ ಈವರೆಗಿನ ಅಧ್ಯಯನಗಳಲ್ಲಿ ಉಳಿದ ಕೊರತೆ ತೋರಿಸಬೇಕು. ಕೊನೆಗೆ ಆ ಜಾಗವನ್ನು ತಾನು ತುಂಬುವೆನೆಂದು ಮುಂದೆ ಬರಬೇಕು. ವರ್ಷಗಟ್ಟಲೆ ಲೇಖನಗಳನ್ನು ಓದಿಯೂ ಕಣ್ಣಿಗೆ ಬೀಳದ ವಿನ್ಯಾಸ ಈ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಬಯಲಾಗುತ್ತದೆ. ಮನೆಯಲ್ಲಿ ಓದಿದವರಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪುಸ್ತಕದ ಅತ್ಯುತ್ತಮ ಭಾಗ ಅಂಕಿಅಂಶಗಳ ವಿವರಣೆಯದು. ಕಚೇರಿಗಳ ಕಂಪ್ಯೂಟರುಗಳಿಗೆ ವೈರಸ್ ಯಾವ ದಾರಿಯಲ್ಲಿ ಬಂತೆಂಬ ಕೋಷ್ಟಕ ಮುಂದಿಟ್ಟು, ಅದರಿಂದ ಎಷ್ಟನ್ನು ಹೇಳಬಹುದು, ಎಲ್ಲಿ ನಿಲ್ಲಬೇಕು ಎಂದು ಅಭ್ಯಾಸ ಮಾಡಿಸುತ್ತಾರೆ. ‘ಕಾರಣವಾಗಿದೆ’ ಎನ್ನುವುದಕ್ಕೂ ‘ಕಾರಣವಾಗಿರಬಹುದು’ ಎನ್ನುವುದಕ್ಕೂ ನಡುವೆ ಇರುವುದು ಸಾಕ್ಷ್ಯದ ಅಂತರ. ಖಚಿತವಾಗಿ ಬರೆದ ಉತ್ತರಕ್ಕೇ ಪೂರ್ಣ ಅಂಕ ಸಿಗುವ ನಮ್ಮ ಪರೀಕ್ಷೆಗಳಲ್ಲಿ ಬೆಳೆದವರಿಗೆ ಈ ಪಾಠ ಹೊಸದು, ತೀರಾ ಅಗತ್ಯವಾದದ್ದು ಕೂಡ.

ಆದರೆ ಪುಸ್ತಕದ ಮಿತಿಯೂ ಆ ಮೂರು ಹೆಜ್ಜೆಗಳಲ್ಲೇ ಇದೆ. ಕೊರತೆಯನ್ನು ತೋರಿಸುವ ವಾಕ್ಯ ಹೇಗಿರಬೇಕೆಂದು ಅದು ಸೊಗಸಾಗಿ ಕಲಿಸುತ್ತದೆ, ಕೊರತೆಯನ್ನು ಪತ್ತೆಹಚ್ಚುವ ಬಗೆ ಮಾತ್ರ ಅಲ್ಲಿ ಸಿಗುವುದಿಲ್ಲ. ಹತ್ತು ಲೇಖನಗಳನ್ನು ಎದುರುಬದುರಾಗಿಟ್ಟು ಓದುವುದು, ಎರಡು ಫಲಿತಾಂಶಗಳು ಯಾಕೆ ಹೊಂದುತ್ತಿಲ್ಲವೆಂದು ತಲೆಕೆಡಿಸಿಕೊಳ್ಳುವುದು, ಕೈಗೆತ್ತಿಕೊಂಡ ಪ್ರಶ್ನೆ ನಿಲ್ಲುವುದಿಲ್ಲವೆಂದು ಕಂಡಾಗ ಅದನ್ನು ಬಿಡುವುದು, ಇದೆಲ್ಲ ಪೀಠಿಕೆಗೆ ಬಹಳ ಮೊದಲಿನ ಕೆಲಸ. ಆ ಕೆಲಸ ನಡೆಯದೆ ಅಚ್ಚು ಮಾತ್ರ ಕೈಗೆ ಸಿಕ್ಕರೆ, ಯಾರೂ ಮಾಡಿಲ್ಲ ಎಂಬುದೇ ಸಂಶೋಧನೆಗೆ ಸಾಕಾದ ಕಾರಣವಾಗಿಬಿಡುತ್ತದೆ. ಯಾರೂ ಮಾಡದಿರುವುದು ಮಾಡುವ ಅಗತ್ಯವಿಲ್ಲದ್ದರಿಂದಲೂ ಇರಬಹುದಲ್ಲ! ಸ್ವೇಲ್ಸ್ 2004ರ ‘ರಿಸರ್ಚ್ ಜಾನರ್ಸ್’ ಕೃತಿಯಲ್ಲಿ ಮಾದರಿಯನ್ನು ತಾವೇ ತಿದ್ದಿ, ತಿಳಿದದ್ದಕ್ಕೆ ಇನ್ನಷ್ಟು ಸೇರಿಸುವ ದಾರಿಗೂ ಜಾಗ ಕೊಟ್ಟರು. ಅದು ಅವರ ಪ್ರಾಮಾಣಿಕತೆ. ತರಗತಿಗಳಲ್ಲಿ ಮಾತ್ರ ಹಳೆಯ ಅಚ್ಚೇ ಹೆಚ್ಚು ಓಡುತ್ತಿದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. 2023ರಲ್ಲಿ ತತ್ಸುಯಾ ಅಮಾನೊ ಮತ್ತು ಸಂಗಡಿಗರು ಎಂಟು ದೇಶಗಳ 908 ಪರಿಸರ ವಿಜ್ಞಾನಿಗಳನ್ನು ವಿಚಾರಿಸಿ ‘ಪ್ಲಾಸ್ ಬಯಾಲಜಿ’ಯಲ್ಲಿ ವರದಿ ಪ್ರಕಟಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಭಾಷೆ ಸುಧಾರಿಸಿ ಎಂಬ ಸೂಚನೆ ಸುಮಾರು ಹನ್ನೆರಡೂವರೆ ಪಟ್ಟು ಹೆಚ್ಚಾಗಿ ಬರುತ್ತದೆಂದು ಅದರಲ್ಲಿ ಕಂಡುಬಂತು. ಈ ಹೊರೆಯನ್ನು ವಿದ್ಯಾರ್ಥಿಯೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ. ನಿಯಮಗಳನ್ನು ಇಷ್ಟು ಚೆನ್ನಾಗಿ ಕಲಿಸುವ ಪುಸ್ತಕ, ಅವನ್ನು ರೂಢಿಗೆ ತಂದವರ ಹೊಣೆಯನ್ನು ವಿಚಾರಿಸಲು ಹೆಚ್ಚು ಪುಟ ಮೀಸಲಿಟ್ಟಿಲ್ಲ.

ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಪಿಎಚ್‌ಡಿಗೆ ಹೊರದೇಶಕ್ಕೆ ಹೊರಟವರು ಇದನ್ನು ಕೊಳ್ಳಬೇಕು. ಅಂಕಿಅಂಶದ ಅಧ್ಯಾಯವನ್ನು ಊರಲ್ಲಿದ್ದಾಗಲೇ ಮುಗಿಸಲಿ. ಪೀಠಿಕೆಯ ಅಧ್ಯಾಯ ತೆರೆಯುವ ಮುನ್ನ ತಮ್ಮ ಕ್ಷೇತ್ರದ ಒಂದಷ್ಟು ಲೇಖನಗಳನ್ನು ಓದಿ, ಅವುಗಳೊಡನೆ ಜಗಳಾಡಿ, ಟಿಪ್ಪಣಿ ಮಾಡಿಟ್ಟುಕೊಳ್ಳಲಿ.