ನೇತ್ರವೈದ್ಯದ ಕನ್ನಡದಲ್ಲಿ ‘ನಿರೋಧಕ ಶಕ್ತಿ’

ವೈದ್ಯಗದ್ಯವು ಸಾಹಿತ್ಯವಿಮರ್ಶೆಯ ಎಲ್ಲೆಗೆ ಹೊರಗಾದುದೆಂದು ಕೆಲವರು ಭಾವಿಸಬಹುದು. ಆದರೆ ಕನ್ನಡದಲ್ಲಿ ವೈದ್ಯವು ಕಾವ್ಯದ ಮಗ್ಗುಲಲ್ಲಿಯೇ ಬೆಳೆದುದು. ೧೨ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿದನು. ೧೪ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಪದ್ಯಕ್ಕೆ ತಂದನು.

ಇಂದಿನ ವೈದ್ಯಲೇಖನಗಳಲ್ಲಿ ‘ಪ್ರತಿಜೀವಕ ನಿರೋಧಕ ಶಕ್ತಿ’ ಎಂಬ ಮಾತು ಬಳಕೆಯಲ್ಲಿದೆ. ‘ರೋಗನಿರೋಧಕ ಶಕ್ತಿ’ಯು ರೋಗಿಯ ದೇಹದ ಗುಣ, ಬಯಸತಕ್ಕದ್ದು, ಇದಾದರೋ ರೋಗಾಣುವಿನ ಗುಣ, ಅಂಜತಕ್ಕದ್ದು. ಎರಡಕ್ಕೂ ಬಾಲ ಒಂದೇ ಆದುದರಿಂದ ಶಕ್ತಿ ಯಾರದೆಂಬುದೇ ಮರೆಯಾಗುತ್ತದೆ. ಇದು ಕನ್ನಡಕ್ಕೇ ಬಂದ ಕೇಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ೧೨ ದೇಶಗಳಲ್ಲಿ ವಿಚಾರಿಸಿದಾಗ, ಔಷಧಕ್ಕೆ ಒಗ್ಗಿಹೋಗುವುದು ದೇಹವೆಂದೇ ನೂರಕ್ಕೆ ೭೬ ಮಂದಿ ತಿಳಿದಿದ್ದರು. ನಮ್ಮ ಪರಿಭಾಷೆ ಆ ಭ್ರಮೆಗೆ ‘ಶಕ್ತಿ’ಯೆಂಬ ಹೊಗಳಿಕೆಯನ್ನೂ ಕೂಡಿಸಿತು.

ಕಣ್ಣಿನ ವಿಷಯದಲ್ಲಿ ಇದರ ಬೆಲೆ ದೊಡ್ಡದು. ರೆಪ್ಪೆಯ ಅಂಚಿನಲ್ಲಿಯೂ ಕಣ್ಣಿನ ಮೇಲ್ಪದರದಲ್ಲಿಯೂ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಮೊದಲಾದ ಅಣುಜೀವಿಗಳು ಸಾಮಾನ್ಯವಾಗಿ ನಿರುಪದ್ರವಿಗಳಾಗಿರುವವು. ಪೊರೆಯ ಶಸ್ತ್ರಕ್ರಿಯೆಯಲ್ಲಿ ಅವು ಒಳಹೊಕ್ಕರೆ ಕೆಲವೇ ದಿನಗಳಲ್ಲಿ ದೃಷ್ಟಿಯೇ ಹೋಗಬಹುದು. ಆದುದರಿಂದಲೇ ಮುಂಚೆ ಶೇಕಡಾ ೫ರ ಪೊವಿಡೋನ್ ಅಯೋಡಿನ್ ದ್ರವವನ್ನು ಕಣ್ಣಿಗೆ ಬಿಡುವರು. ಪ್ರತಿಜೀವಕದ ಹನಿಯನ್ನು ಮರಳಿ ಮರಳಿ ಹಾಕಿಕೊಂಡರೆ ಮಣಿಯುವ ಅಣುಜೀವಿಗಳು ಸತ್ತು ಮಣಿಯದವು ಉಳಿಯುವವು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಒಕ್ಕಲಿಗನೊಬ್ಬನು ‘ನಿರೋಧಕ ಶಕ್ತಿ ಹೆಚ್ಚುತ್ತಿದೆ’ ಎಂಬುದನ್ನು ಓದಿದರೆ ಹನಿಯನ್ನು ಬಿಡುವನೇ? ಇನ್ನೊಂದು ಸೀಸೆಯನ್ನು ಕೊಂಡಾನು. ಈ ಸೀಮೆಗೆ ಮಾತಿನ ಬಡತನವಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಯನ್ನೂ ಭತ್ತವನ್ನೂ ವಾದಕ್ಕೆ ನಿಲ್ಲಿಸಿದರು, ಆಡುತ್ತಿರುವುದು ಯಾವ ಧಾನ್ಯವೆಂದು ಕೇಳುವವನು ಎಲ್ಲಿಯೂ ತಡವರಿಸುವುದಿಲ್ಲ. ಅದೇ ತಾಲ್ಲೂಕಿನ ಶಿಶುನಾಳ ಷರೀಫರು ತತ್ತ್ವವನ್ನು ಸೋರುವ ಮಾಳಿಗೆಯಲ್ಲಿ ತೋರಿದರು. ಕರ್ತೃವನ್ನು ಕಣ್ಮುಂದೆ ನಿಲ್ಲಿಸುವ ಈ ಗುಣವೇ ವೈದ್ಯಗದ್ಯದಲ್ಲಿ ಕಾಣೆಯಾದುದು.

ನಾನಾರ್ಥವೇ ದೋಷವೆನ್ನಲಾಗದು. ‘ಪೊರೆ’ಯೆಂಬುದು ಹಾವಿನದೂ ಹೌದು, ಕಣ್ಣಿನದೂ ಹೌದು, ಕಾಪಾಡೆಂಬ ಅರ್ಥದ ಧಾತು ಬೇರೆಯಿದೆ. ಆದರೂ ಯಾರೂ ಎಡವರು, ವಾಕ್ಯವೇ ದಾರಿ ತೋರುತ್ತದೆ. ‘ನಿರೋಧಕ ಶಕ್ತಿ’ಗೆ ಆ ಆಸರೆಯಿಲ್ಲ. ‘ಮದ್ದಿಗೆ ಮಣಿಯದ ರೋಗಾಣು’ ಎಂದರೆ ಕರ್ತೃವೂ ಕೇಡೂ ಒಮ್ಮೆಗೇ ತಿಳಿಯುವವು. ಶಾಸ್ತ್ರಗ್ರಂಥಕ್ಕೆ ಸಮಾಸವೇ ಬೇಕೆನ್ನುವವರ ಆಕ್ಷೇಪ ನ್ಯಾಯವಾದುದೇ. ಅವರು ‘ರೋಗಾಣುವಿನ ಔಷಧಪ್ರತಿರೋಧ’ವೆಂದು ಬರೆಯಬಹುದು, ‘ಶಕ್ತಿ’ಯನ್ನು ಮಾತ್ರ ರೋಗಿಯ ಪಾಲಿಗೆ ಬಿಡಬೇಕು.