ನಿಂಬೆಗಿಡದ ಹುಳ ಇರಲಿ ಬಿಡಿ

ಈ ವಾರ ಕಳ್ಳಿಪೀರಗಳ ಗೂಡಿನ ಬಗ್ಗೆ ಬರೆಯುತ್ತೇನೆಂದಿದ್ದೆ. ಅವು ಇನ್ನೊಂದು ವಾರ ಕಾಯಲಿ. ಬೇಸಿಗೆಯ ಮೊದಲ ಮಳೆ ಬಿದ್ದು ತಾಳವಾಡಿಯ ಹಿತ್ತಲುಗಳಲ್ಲಿ ನಿಂಬೆ ಚಿಗುರಿದೆ, ಚಿಗುರಿಗೆ ನಿಂಬೆ ಚಿಟ್ಟೆ ಬಂದಿದೆ. ಅದನ್ನು ಬಿಟ್ಟು ಬೇರೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಬಿಸಿಲೇರುವ ಮುಂಚೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಎಳೆ ಎಲೆಯ ಮೇಲೆ ಒಂದೊಂದಾಗಿ ಇಟ್ಟ ತಿಳಿಹಳದಿ ಮೊಟ್ಟೆಗಳಿರುತ್ತವೆ. ಅವುಗಳಿಂದ ಬರುವ ಮರಿಹುಳ ಕಂದು ಬಣ್ಣದ್ದು, ಮೈಮೇಲೆ ಬಿಳಿ ಮಚ್ಚೆ. ಥೇಟ್ ಹಕ್ಕಿಯ ಹಿಕ್ಕೆ! ಹಿಕ್ಕೆಯನ್ನು ಯಾವ ಹಕ್ಕಿ ಕುಕ್ಕೀತು? ನಾಲ್ಕನೆಯ ಬಾರಿ ಪೊರೆ ಕಳಚಿದ ಮೇಲೆ ಅದೇ ಹುಳ ಹಸಿರಾಗಿ ಎಲೆಯಲ್ಲಿ ಬೆರೆತುಹೋಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆಗೆಂಪು ಕೋಡು ಚಾಚಿ ಘಾಟು ಬಿಡುತ್ತದೆ. ಇರುವೆಗಳು ಆ ಘಾಟಿಗೆ ಹಿಂದೆ ಸರಿಯುತ್ತವೆ.

ದಿಂಬಂ ಘಾಟಿಯ 27 ತಿರುವು ಹತ್ತಿ, ಉದ್ದನೆಯ ಲೆನ್ಸ್ ಹೊತ್ತು ಬರುವವರು ಇದರತ್ತ ತಿರುಗಿಯೂ ನೋಡುವುದಿಲ್ಲ. ಅವರಿಗೆ ಮೋಯಾರ್ ಕಣಿವೆಯ ರಣಹದ್ದೇ ಬೇಕು. ರಣಹದ್ದು ನೋಡಲೇಬೇಕಾದ ಹಕ್ಕಿ, ತಕರಾರಿಲ್ಲ. ಆದರೆ ಪಟ್ಟಿಗೆ ಹೆಸರು ಸೇರಿದ ಕೂಡಲೇ ಜೀಪು ಹತ್ತುವುದನ್ನು ಹಕ್ಕಿ ನೋಡುವುದು ಎಂದು ನಾನು ಒಪ್ಪಲಾರೆ. ಮಕರಂದ ಹೀರುವ ಸೂರಕ್ಕಿ ಮರಿಗಳಿಗೆ ಜೇಡ, ಹುಳ ಹಿಡಿದು ತರುತ್ತದೆ, ಜೇಡರ ಬಲೆಯಿಂದಲೇ ಗೂಡು ಹೆಣೆಯುತ್ತದೆ. ಅಷ್ಟು ತಿಳಿಯಲು ಒಂದೇ ಹಿತ್ತಲಲ್ಲಿ ದಿನಗಟ್ಟಲೆ ಕೂರಬೇಕು.

ನನ್ನ ಪಕ್ಷಕ್ಕೆ ಹಳೆಯ ಸಾಕ್ಷಿ ಇ. ಎಚ್. ಏಟ್ಕನ್. ಬೇಟೆಯ ಪುಸ್ತಕಗಳು ಮೆರೆಯುತ್ತಿದ್ದ ಕಾಲದಲ್ಲಿ, 1883ರಲ್ಲಿ, ‘ದ ಟ್ರೈಬ್ಸ್ ಆನ್ ಮೈ ಫ್ರಂಟಿಯರ್’ ಪ್ರಕಟಿಸಿ ತನ್ನ ಬಂಗಲೆಯ ಇಲಿ, ಹಲ್ಲಿ, ಇರುವೆ, ಕಾಗೆ, ಕಣಜಗಳ ಕತೆ ಹೇಳಿದವರು. ಅದೇ ವರ್ಷ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲೊಬ್ಬರು. ನೌಕರಿ ಸುಂಕ, ಉಪ್ಪಿನ ಇಲಾಖೆಯಲ್ಲಿ. ಡೇವಿಡ್ಸನ್, ಬೆಲ್ ಅವರೊಡನೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಮರಿಹುಳ ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆಂದು ದಾಖಲಿಸಿದರು. ಚಿಟ್ಟೆ ಹಿಡಿದು ಸೂಜಿ ಚುಚ್ಚಿಟ್ಟವರು ಬಹಳ. ಹುಳ ಸಾಕಿ ನೋಡಿದವರು ಕಡಿಮೆ.

ಕೋಸಿಗೆ ಹೊಡೆದು ಉಳಿದ ಔಷಧಿಯನ್ನು ಹಿತ್ತಲ ನಿಂಬೆಗೂ ಹೊಡೆಯುವ ರೂಢಿಯಿದೆ. ದಯವಿಟ್ಟು ಬೇಡ. ಬೆಳೆದ ಗಿಡ ನಾಲ್ಕಾರು ಹುಳ ಮೇಯ್ದರೂ ಮತ್ತೆ ಚಿಗುರುತ್ತದೆ. ಎಳೆ ಸಸಿಯಾದರೆ ಹುಳವನ್ನು ಎಲೆ ಸಮೇತ ಎತ್ತಿ ಪಕ್ಕದ ದೊಡ್ಡ ನಿಂಬೆಗಿಡಕ್ಕೆ ಬಿಡಿ.